ಬಚ್ಚಲ ಪಕ್ಕ ಹುಗಿದ ತಂತಿ

೧೯೮೧, ಫೆಬ್ರವರಿ ೧೫, ಭಾನುವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಹಾಡಿನ ಪ್ಲೇಟು ತಿರುಗಿಸುವ ನಮ್ಮ ಮನೆಯ ಪೆಟ್ಟಿಗೆ ಗುಂಯ್ ಎನ್ನಲು ಸುರುವಾದದ್ದು ಆಗ. ಹಾಡು ನಿಂತಿರಲಿಲ್ಲ. ಹಾಡಿನ ಅಡಿಯಲ್ಲಿ ಒಂದು ದುಂಬಿ ಹೊಕ್ಕು ಕೂತಂತೆ ಸದ್ದು ಬರುತ್ತಿತ್ತು. ಪೆಟ್ಟಿಗೆಯ ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಅಪ್ಪನಿಗೆ, ಅತ್ತೆಗೆ, ನನಗೆ ಅದು ಗೊತ್ತಾಗಲಿಲ್ಲ. ಗೊತ್ತಾದದ್ದು ಅಂಗಳದ ಆಚೆ ಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದ ಅವ್ವನಿಗೆ.

"ಏನ್ರಿ, ಅದು ಗುಂಯ್ ಅನ್ನಾಕತ್ತದ ನೋಡ್ರಿ," ಎಂದು ಅಲ್ಲಿಂದಲೇ ಕೂಗಿದಳು.

ಅಪ್ಪ ಸ್ಪೀಕರಿಗೆ ಕಿವಿ ಹಚ್ಚಿದ. ಹೌದು, ಗುಂಯ್ ಎನ್ನುತ್ತಿತ್ತು.

"ಇಕಿದು ಕಿವಿ ಅಲ್ಲ ಯಕ್ಕಾ, ಪೊಲೀಸ್ ನಾಯಿ ಮೂಗು," ಎಂದು ಅತ್ತೆಯ ಕಡೆ ನೋಡಿ ನಕ್ಕ.

ನನಗಾಗ ಹದಿಮೂರು. ಏನು ನಡೆದರೂ ತಾರೀಖು, ವೇಳೆ ಬರೆದಿಡುವ ಚಟ ಆಗಲೇ ಹತ್ತಿತ್ತು. ಶಾಲೆಯಲ್ಲಿ ದಿನದಿನದ ಬಿಸಿಲು, ಗಾಳಿ ಬರೆಸುತ್ತಿದ್ದ ಮಾಸ್ತರರು ಹಚ್ಚಿದ ಚಟ ಅದು. ನಳ ಬಂದ ದಿನ, ಅವ್ವ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡು ಬಂದ ದಿನ, ತಮ್ಮ ಬಾಬು ಹೊಸ ಶಬ್ದ ಆಡಿದ ದಿನ, ಎಲ್ಲಕ್ಕೂ ಒಂದೊಂದು ಗುರುತು ಹಾಕುತ್ತಿದ್ದೆ. ಇದನ್ನು ಬರೆಯುವಾಗ ಆ ಹಾಳೆಗಳನ್ನೆಲ್ಲ ಮುಂದೆ ಹರವಿಕೊಂಡಿದ್ದೇನೆ. ತಾರೀಖುಗಳೆಲ್ಲ ಸರಿಯಾಗಿವೆ. ನನಗೆ ಬೇಕಾದ ಒಂದು ಸಂಗತಿ ಮಾತ್ರ ಅವುಗಳಲ್ಲಿ ಎಲ್ಲಿಯೂ ಇಲ್ಲ.

ರಾಯಚೂರಿನ ನಮ್ಮ ಮನೆ ಎಂದರೆ ಮುಂದೆ ಪಡಸಾಲೆ, ಅದಕ್ಕೆ ಹತ್ತಿದ ಅಡಿಗೆಮನೆ, ನಡುವೆ ಫರ್ಸಿಕಲ್ಲು ಹಾಸಿದ ಅಂಗಳ, ಅಂಗಳದ ಮೂಲೆಗೆ ಬಚ್ಚಲು, ಅದರಾಚೆ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ಮೊದಲು ಜೋಳದ ಚೀಲ, ಕುಳ್ಳು, ಕಟ್ಟಿಗೆ ಇರುತ್ತಿದ್ದವು. ಅವ್ವನಿಗೆ ಕ್ಷಯ ಎಂದು ಆಸ್ಪತ್ರೆಯಲ್ಲಿ ಹೇಳಿದ ಮೇಲೆ ಚೀಲಗಳು ಪಡಸಾಲೆಗೆ ಬಂದವು, ಅವ್ವ ಕೋಣೆಗೆ ಹೋದಳು. ಅಲ್ಲಿಗೆ ಲೈಟು ಇರಲಿಲ್ಲ, ಒಂದು ಚಿಮಣಿ ದೀಪ ಇತ್ತು. ಅವಳ ತಾಟಿನ ಬೆನ್ನಿಗೆ ಅತ್ತೆ ಮೊಳೆಯಿಂದ ಗೀರಿ ಗುರುತು ಮಾಡಿದಳು. ತಂಬಿಗೆ ಬೇರೆಯಾಯಿತು, ಹಾಸಿಗೆ ಬೇರೆಯಾಯಿತು, ಬಟ್ಟೆ ಕುದಿಸುವ ಬೋಗುಣಿ ಬೇರೆಯಾಯಿತು. ಬಾಬುವಿಗೆ ಆಗ ಒಂದು ವರ್ಷ ದಾಟಿತ್ತು. ಅವನು ಅಂಬೆಗಾಲಿನಲ್ಲಿ, ಆಮೇಲೆ ತಪ್ಪು ಹೆಜ್ಜೆಯಲ್ಲಿ, ಹೇಗಾದರೂ ಮಾಡಿ ಆ ಕೋಣೆಯ ಹೊಸ್ತಿಲಿಗೆ ಹೋಗಿ ನಿಲ್ಲುತ್ತಿದ್ದ. ಅವ್ವ ಗೋಡೆಗೆ ಸರಿದು ಸೆರಗು ಬಾಯಿಗೆ ಹಿಡಿದು "ಹೋಗಪ್ಪಾ, ಹೋಗು" ಎನ್ನುತ್ತಿದ್ದಳು. ಅವನು ನಗುತ್ತಿದ್ದ, ಆಮೇಲೆ ಅಳುತ್ತಿದ್ದ. ಕೊನೆಗೆ ಅತ್ತೆ ತನ್ನ ಹಳೆಯ ಸೀರೆಯ ಅಂಚು ಹರಿದು ಅವನ ನಡುವಿಗೆ ಕಟ್ಟಿ, ಇನ್ನೊಂದು ತುದಿಯನ್ನು ಪಡಸಾಲೆಯ ಕಂಬಕ್ಕೆ ಬಿಗಿದಳು.

ಈ ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಗಬ್ಬೂರಿನಲ್ಲಿ ಒಬ್ಬಳೇ ಇದ್ದವಳು, ಅವ್ವ ಮಲಗಿದ ಸುದ್ದಿ ಕೇಳಿ ಒಂದು ಗಂಟು ಹಿಡಿದುಕೊಂಡು ಬಸ್ಸಿಳಿದು ಬಂದಳು. ಬಾಯಿ ಗಟ್ಟಿ, ಕೈ ಅದಕ್ಕಿಂತ ಗಟ್ಟಿ. ಅಪ್ಪ ಮೈಕ್ ಸೆಟ್ಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾನ್ವಿ, ದೇವದುರ್ಗ, ಕಲ್ಮಲ ಎಂದು ಮದುವೆ ಇದ್ದಲ್ಲಿಗೆ ಹೋಗಿ ಹಾರ್ನು ಕಟ್ಟಿ ಹಾಡು ಹಾಕಿ ಬರುವುದು ಅವನ ಕೆಲಸ. ಟೇಪ್ ರೆಕಾರ್ಡರ್ ಬಂದ ಮೇಲೆ ಅಂಗಡಿಯ ಮಾಲಕರು ಪ್ಲೇಟು ತಿರುಗಿಸುವ ಹಳೆಯ ಪೆಟ್ಟಿಗೆ, ವಾಲ್ವಿನ ಆಂಪ್ಲಿಫೈಯರ್, ಒಂದು ಸ್ಪೀಕರ್, ಗೀರು ಬಿದ್ದ ಪ್ಲೇಟುಗಳ ಒಂದು ಡಬ್ಬಿ, ಇಷ್ಟನ್ನು "ತಗೊಂಡ್ ಹೋಗೋ, ಇಲ್ಲಿ ಜಾಗ ಇಲ್ಲ" ಎಂದು ಅಪ್ಪನಿಗೇ ಕೊಟ್ಟಿದ್ದರು.

ಆ ಪೆಟ್ಟಿಗೆಯಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಸಂಜೆ ದೀಪ ಹಚ್ಚುವ ಮೊದಲೇ ನಮ್ಮ ಊಟ. ಅತ್ತೆ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ ಹಾಕಿ, ಅವ್ವನ ತಾಟು ಅವಳ ಹೊಸ್ತಿಲಲ್ಲಿಟ್ಟು ಬಂದು ಕೂರುವಳು. ಆಗ ಅಪ್ಪ ಪ್ಲೇಟಿನ ಮೇಲೆ ಮುಳ್ಳು ಇಳಿಸುವನು. ಮೊದಲು ಚರ್ ಎಂದು, ಆಮೇಲೆ ಹಾರ್ಮೋನಿಯಂ, ಆಮೇಲೆ ಪದದ ಮೊದಲ ಸೊಲ್ಲು. ಆ ಸೊಲ್ಲಿಗೆ ನಾವು ಇಲ್ಲಿ ಮೊದಲ ತುತ್ತು ಎತ್ತಬೇಕು, ಅವ್ವ ಅಲ್ಲಿ ಮೊದಲ ತುತ್ತು ಎತ್ತಬೇಕು. ಯಾರೂ ಹಾಗೆಂದು ಮಾತಾಡಿ ಮಾಡಿದ್ದಲ್ಲ. ಹಸಿದ ಬಾಬು ಕೂಡ ಕೈ ಮೇಲೆತ್ತಿ ಕಾಯುವುದನ್ನು ಕಲಿತಿದ್ದ. ತಾಟು ಬೇರೆ, ತಂಬಿಗೆ ಬೇರೆ ಇದ್ದರೂ ಹಾಡು ಒಂದೇ ಇತ್ತು. ಅದು ಅಂಗಳ ದಾಟಿ ಹೋದರೆ ಯಾವ ಡಾಕ್ಟರೂ ಬೇಡ ಎನ್ನುವಂತಿರಲಿಲ್ಲ.

ಹಾಗಾಗಿ ಅದು ಗುಂಯ್ ಎಂದಾಗ ಅಪ್ಪ ಸುಮ್ಮನೆ ಕೂರಲಿಲ್ಲ. ಪೆಟ್ಟಿಗೆಯ ತಗಡನ್ನು ಬೆರಳಿಂದ ಮುಟ್ಟಿದ, ಸದ್ದು ಕಡಿಮೆಯಾಯಿತು. ಬೆರಳು ತೆಗೆದ, ಮತ್ತೆ ಬಂತು.

"ಅರ್ಥಿಂಗ್ ಇಲ್ಲ ಇದಕ್ಕ, ನೆಲಕ್ಕ ಒಂದ್ ತಂತಿ ಇಳಿಸಬೇಕು, ಅಷ್ಟೆ," ಎಂದ.

ಮಾರನೆಯ ದಿನ ಪೆಟ್ಟಿಗೆಗೂ ಆಂಪ್ಲಿಫೈಯರಿಗೂ ಸೇರಿಸಿ ಒಂದು ತಾಮ್ರದ ತಂತಿ ಕಟ್ಟಿ, ಅದನ್ನು ಕಿಟಕಿಯಿಂದ ಹೊರಗೆ ತಂದು, ಬಚ್ಚಲ ನೀರು ಹರಿಯುವ ಕಡೆ ಇದ್ದಿಲು, ಉಪ್ಪು ಹಾಕಿ ಹುಗಿದ. ನೆಲ ತೇವವಿದ್ದರೆ ಗುಂಯ್ ಇಲ್ಲ, ಒಣಗಿದರೆ ಗುಂಯ್. ಅವತ್ತು ಸಂಜೆ ಹಾಡು ನೀರಿನಲ್ಲಿ ತೊಳೆದಂತೆ ಬಂತು. ಅವ್ವ ಕೋಣೆಯಿಂದ "ಈಗ ಚಂದ" ಎಂದಳು.

ಮಾರ್ಚಿಗೆ ಬಿಸಿಲು ಹತ್ತಿತು. ನಳ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ. ಬಚ್ಚಲಿಗೆ ನೀರು ಬೀಳುವುದೇ ಕಡಿಮೆಯಾಗಿ ಆ ಜಾಗದ ಮಣ್ಣು ಬಿರಿಯಿತು. ಗುಂಯ್ ತಿರುಗಿ ಬಂತು, ಈ ಸಲ ನಮಗೂ ಕೇಳುವಷ್ಟು. ಹಾಡು ಹಾಕುವ ಮುಂಚೆ ತಂತಿಯ ಬುಡಕ್ಕೆ ಒಂದು ತಂಬಿಗೆ ನೀರು ಹಾಕುವುದು ನನ್ನ ಪಾಲಿಗೆ ಬಂತು. ಕೊಡ ಹೊತ್ತು ಹೋಗುವ ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನವ್ವಾ ಸುಶೀ, ತಂತಿ ಗಿಡ ಹಚ್ಚೀರೇನು? ಕಾಯಿ ಬಿಟ್ರ ನಮಗೂ ಕೊಡ್ರಿ."

ಅತ್ತೆ ಅವರಿಗೇನೂ ಅನ್ನದೆ ಅಪ್ಪನ ಮೇಲೆ ತಿರುಗುತ್ತಿದ್ದಳು.

"ನಿನ್ನ ಪೆಟಿಗಿಗೆ ಕುಡಿಸೋ ನೀರಿನಾಗ ಒಂದ್ ಎಮ್ಮಿ ಸಾಕಬಹುದಿತ್ತಲೇ ತಮ್ಮಾ. ಹಾಲರ ಕೊಡ್ತಿತ್ತು."

ಆದರೆ ನೀರು ಹಾಕಬೇಡ ಎಂದು ಅವಳೂ ಹೇಳಲಿಲ್ಲ. ಅವ್ವ ತನ್ನ ಜಳಕದ ನೀರಿನಲ್ಲಿ ಅರ್ಧ ಉಳಿಸಿ, "ಸುಶೀ, ಇದನ್ನ ತಂತಿಗೆ ಹಾಕು" ಎಂದು ಬಕೀಟು ಬಚ್ಚಲ ಬಾಗಿಲಿಗೆ ಸರಿಸಿ ಇಡುತ್ತಿದ್ದಳು.

ಏಪ್ರಿಲ್ ಮೊದಲ ವಾರದಲ್ಲಿ ಒಂದು ಸಂಜೆ ನೆಲ ಚೆನ್ನಾಗಿ ತೋಯ್ದಿತ್ತು. ಹಾಡು ಸ್ವಚ್ಛವಾಗಿ ಬರುತ್ತಿತ್ತು. ಅವ್ವ ಕೋಣೆಯಿಂದ ಕೂಗಿದಳು.

"ಇನ್ನೂ ಗುಂಯ್ ಅನ್ನಾಕತ್ತದಲ್ರೀ."

ಅಪ್ಪ ಕಿವಿ ಹಚ್ಚಿದ. ಅತ್ತೆ ಕಿವಿ ಹಚ್ಚಿದಳು. ನಾನೂ ಹಚ್ಚಿದೆ. ಏನೂ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಅವ್ವನ ಕಿವಿಯ ಮುಂದೆ ಯಾರ ಕಿವಿಯೂ ನಿಲ್ಲುತ್ತಿರಲಿಲ್ಲ. ಅಪ್ಪನ ಸೈಕಲ್ಲು ಓಣಿಯ ಮೂಲೆ ತಿರುಗುವಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಕೇಳಿಯೇ "ಯಕ್ಕಾ, ಹಿಟ್ಟು ಸಡಿಲಾಗ್ಯಾದ" ಎಂದು ಅಂಗಳದಾಚೆಯಿಂದ ಹೇಳುತ್ತಿದ್ದಳು. ಮೊದಲ ದಿನ ಗುಂಯ್ ಹಿಡಿದವಳೂ ಅವಳೇ. ಹಾಗಾಗಿ ಅವಳು ಇದೆ ಎಂದರೆ ಇದೆ. ಗುಂಯ್ ಇದೆ ಎಂದು ನಂಬಿ ಕೂತರೆ ಅದು ಕೇಳಿಯೇ ಕೇಳುತ್ತದೆ.

"ಹೌದು ನೋಡು, ಸಣ್ಣಗ ಬರಾಕತ್ತದ," ಎಂದ ಅಪ್ಪ.

"ಹ್ಞೂಂ, ನನಗೂ ಬಂತು," ಎಂದಳು ಅತ್ತೆ.

ಆಮೇಲಿನ ದಿನಗಳು ಪೆಟ್ಟಿಗೆ ಬಿಚ್ಚುವುದು, ಜೋಡಿಸುವುದು. ಅಪ್ಪ ಮುಳ್ಳಿನ ಕೈಯೊಳಗಿನ ಕೂದಲೆಳೆಯಂಥ ತಂತಿಗಳನ್ನು ತೆಗೆದು ಬೇರೆ ಬೆಸೆದ. ಒಂದು ದಿನ ಅದರಲ್ಲೇ ಒಂದು ಕಡಿದು ಸದ್ದೇ ಇಲ್ಲದಂತಾಯಿತು. ಸಡಿಲಾದ ಪಿನ್ನಿಗೆ ಸಿಗರೇಟು ಪಾಕೀಟಿನ ಬೇಗಡೆ ಸುತ್ತಿ ಬಿಗಿ ಮಾಡಿದ ಮೇಲೆ ಹಾಡು ಬಂತು. "ಈಗ ಹೋತೇನು?" ಎಂದು ಕೂಗಿ ಕೇಳಿದರೆ ಅವ್ವ "ಇಲ್ರಿ, ಅದ" ಎನ್ನುವಳು. ಆಮೇಲೆ ಇನ್ನೊಂದು ಮಾತು ಸೇರಿತು. "ಪದ ಸಣ್ಣಗ ಕೇಳಸ್ತದ. ಜರಾ ದೊಡ್ಡದು ಮಾಡ್ರಿ." ಅಪ್ಪ ವಾಲ್ಯೂಮ್ ಏರಿಸಿದ. ಏರಿಸಿದಂತೆ ಹಳೆಯ ವಾಲ್ವುಗಳು ನಿಜವಾಗಿಯೂ ಗುರುಗುಟ್ಟಿದವು. "ನೋಡ್ರಿ, ನಾ ಹೇಳಲಿಲ್ಲ?" ಎಂದಳು ಅವ್ವ. ಅವಳ ದನಿಯಲ್ಲಿ ಒಂದು ಸಮಾಧಾನ ಇತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಕೊನೆಗೆ ಅಪ್ಪ ಪೆಟ್ಟಿಗೆಯನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮಾನ್ವಿಗೆ ಬಸ್ಸಿನಲ್ಲಿ ಹೋದ. ಅಲ್ಲೊಬ್ಬರು ರೇಡಿಯೋ ರಿಪೇರಿಯವರು, ಅವನಿಗೆ ಗುರುತಿನವರು. ಸಂಜೆ ಸಿಟ್ಟಾಗಿ ತಿರುಗಿ ಬಂದ.

"ಏನಂದ್ರೋ?" ಎಂದಳು ಅತ್ತೆ.

"ಮುಂಜಾನಿಂದ ಕೇಳಿದ ಮ್ಯಾಲೆ, ಇದರಾಗ ಏನೂ ಇಲ್ಲ ಒಯ್ಯಿ ಅಂದ. ಅವಂಗ ಕಿವೀನೇ ಇಲ್ಲ ಯಕ್ಕಾ. ಕಿವುಡರೆಲ್ಲ ರೇಡಿಯೋ ಅಂಗಡಿ ಇಟ್ಟಾರ."

ನಾವೆಲ್ಲ ನಕ್ಕೆವು. ಅಂಗಳದಾಚೆ ಅವ್ವನೂ ನಕ್ಕಳು, ನಾವು ನಗುವುದನ್ನು ನೋಡಿ.

ಅದೇ ತಿಂಗಳಲ್ಲಿ ಇನ್ನೆರಡು ಸಂಗತಿ ನಡೆದಿದ್ದವು. ಆಗ ಅವು ಒಂದಕ್ಕೊಂದು ಸಂಬಂಧವಿಲ್ಲದ ಸಣ್ಣ ಸಂಗತಿಗಳಾಗಿದ್ದವು. ಅವ್ವ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯತೊಡಗಿದಳು, ಅದೂ ಹೊತ್ತು ಮುಳುಗಿದ ಮೇಲೆ ಹೆಚ್ಚು. ಶಕ್ತಿ ಇಲ್ಲ ಎಂದು ಅತ್ತೆ ರಾಗಿ ಗಂಜಿ ಮಾಡಿಕೊಟ್ಟಳು. ಇನ್ನೊಂದು, ದಿನಾ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲಿ ಕೂತು ಸೂಜಿ ಹಾಕಿಸಿಕೊಳ್ಳುತ್ತಿದ್ದ ಹೆಂಗಸಿನ ಸುದ್ದಿ. ಅವಳ ಹೆಸರು ನಮಗೆ ಗೊತ್ತಿಲ್ಲ. ಅವ್ವ ಅವಳನ್ನು "ದೇವದುರ್ಗದಾಕಿ" ಎನ್ನುತ್ತಿದ್ದಳು. ಮೂರು ಮಕ್ಕಳನ್ನು ಊರಲ್ಲಿ ಬಿಟ್ಟು, ಸೂಜಿಗೋಸ್ಕರ ರಾಯಚೂರಿನಲ್ಲಿ ಸಂಬಂಧಿಕರ ಮನೆಯಲ್ಲಿದ್ದವಳು. ಆಸ್ಪತ್ರೆಯಿಂದ ಬಂದು ಅವ್ವ ಹೊಸ್ತಿಲಲ್ಲಿ ಕೂತು ಅವಳ ಮಾತು, ಅವಳ ತಮಾಷೆ ನಮಗೆ ಹೇಳುತ್ತಿದ್ದಳು. ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದಳು.

"ದೇವದುರ್ಗದಾಕಿದು ಸೂಜಿ ಬಂದ್ ಮಾಡಿ ಕಳಿಸಿಬಿಟ್ರು ಯಕ್ಕಾ. ಪಾಪ, ಇನ್ನ ಆಕಿ ಮಕ್ಕಳ ಜೋಡಿ ಯಾವಾಗ ಉಣ್ತಾಳೋ."

"ಯಾಕ ಬಂದ್ ಮಾಡಿದ್ರು?" ಎಂದಳು ಅತ್ತೆ.

"ಯಾರಿಗ್ಗೊತ್ತು," ಎಂದು ಅವ್ವ ಒಳಗೆ ಹೋದಳು.

ಮೇ ತಿಂಗಳ ಒಂದು ಸಂಜೆ. ತಾಟುಗಳಿಗೆ ಬಡಿಸಿ ಆಗಿತ್ತು, ಅವ್ವನ ತಾಟು ಹೊಸ್ತಿಲಲ್ಲಿತ್ತು. ನಾನು ತಂತಿಗೆ ನೀರು ಹಾಕಿ ಬಂದಿದ್ದೆ. ಅಪ್ಪ ಮುಳ್ಳಿನ ಕೈ ಎತ್ತಿ ಪ್ಲೇಟಿನ ಮೇಲೆ ತಂದ, ಅಷ್ಟರಲ್ಲಿ ಕರೆಂಟು ಹೋಯಿತು. ಪ್ಲೇಟು ನಿಧಾನವಾಗಿ ತಿರುಗಿ ನಿಂತಿತು. ಹೊರಗೆ ಇನ್ನೂ ಬೆಳಕಿತ್ತು. ಹಾಡು ಸುರುವಾಗದ್ದರಿಂದ ಯಾರೂ ತುತ್ತು ಎತ್ತಲಿಲ್ಲ. ಬಾಬು ಕೈ ಮೇಲೆ ಹಿಡಿದೇ ನಮ್ಮ ಮುಖ ನೋಡುತ್ತಿದ್ದ. ಓಣಿಯ ಗಿರಣಿಯೂ ನಿಂತು ಎಲ್ಲ ಕಡೆ ಸದ್ದಡಗಿತ್ತು.

ಅಂಗಳದಾಚೆಯಿಂದ ಅವ್ವನ ದನಿ ಬಂತು, ಎಂದಿಗಿಂತ ಜೋರಾಗಿ.

"ಏನ್ರಿ, ಇವತ್ತರ ಅದನ್ನ ಬಂದ್ ಮಾಡ್ರಿ. ಪದ ಒಂಚೂರೂ ಕೇಳವಲ್ದು, ಬರೇ ಗುಂಯ್ ಅನ್ನಾಕತ್ತದ."

ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಅತ್ತೆ ನನ್ನನ್ನು ನೋಡಿದಳು. ಅಪ್ಪ ಮುಳ್ಳಿನ ಕೈಯನ್ನು ಅದರ ಜಾಗಕ್ಕಿಟ್ಟು ಕೂಗಿದ.

"ಬಂದ್ ಮಾಡೀನಿ ನೀಲಾ."

"ಆಂ?"

"ಬಂದ್ ಮಾಡೀನಿ!"

"ಮಾಡಿದ್ರೇನು, ಇನ್ನೂ ಬರಾಕತ್ತದಲ್ಲ," ಎಂದಳು ಅವ್ವ.

ಅವತ್ತು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ, ಬಾಬು ಒಬ್ಬನನ್ನು ಬಿಟ್ಟರೆ. ಅವನ ಕೈಯನ್ನು ಅತ್ತೆಯೇ ಹಿಡಿದು ತಾಟಿಗೆ ಇಳಿಸಿದಳು.

ಮರುದಿನ ಬೆಳಿಗ್ಗೆ ಅಪ್ಪ ಆಸ್ಪತ್ರೆಗೆ ಅವಳ ಜೊತೆ ಹೋದ, ನಾನೂ ಹೋದೆ. ಡಾಕ್ಟರಮ್ಮ ಅವ್ವನ ಬೆನ್ನ ಹಿಂದೆ ನಿಂತು ಗಡಿಯಾರ ಹಿಡಿದರು, ಬೆರಳು ತಿಕ್ಕಿದರು, ಹೆಸರು ಕರೆದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಈ ಸೂಜಿ ಒಬ್ಬೊಬ್ಬರ ಕಿವಿಗೆ ಬಡೀತದ. ಕಿವ್ಯಾಗ ಗುಂಯ್ ಅಂದ್ರ, ನಡಿಯೋವಾಗ ಜೋಲಿ ಹೋದಂಗಾದ್ರ, ಮೊದಲ ದಿನಾನೇ ಹೇಳ್ರಿ ಅಂತ ಎಲ್ಲಾರಿಗೂ ಹೇಳಿದ್ದೆವಲ್ಲ. ದೇವದುರ್ಗದ ಒಬ್ಬಾಕಿ ಹೇಳಿದ್ಲು, ಅವತ್ತೇ ಬಂದ್ ಮಾಡಿದ್ವಿ. ನೀವ್ಯಾಕ ಹೇಳಲಿಲ್ಲ?"

ಅಪ್ಪ ಕೈ ಮುಗಿದುಕೊಂಡು ನಿಂತಿದ್ದ.

"ನಮ್ಮ ಮನ್ಯಾಗ ಪ್ಲೇಟಿನ ಪೆಟಿಗಿ ಅದರೀ ಅಮ್ಮಾ. ಅದೂ ಗುಂಯ್ ಅಂತಿತ್ರಿ. ನಾವು ಅದರದು ಅಂತ ತಿಳಕೊಂಡ್ವಿರಿ."

"ಏನು ಪೆಟಿಗಿ?" ಎಂದರು ಡಾಕ್ಟರಮ್ಮ.

ಅಪ್ಪ ಅದನ್ನು ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟ. ಹುಗಿದ ತಂತಿ, ನೀರು, ಬೇಗಡೆ, ಮಾನ್ವಿ, ಇವನ್ನೆಲ್ಲ ಬಿಳಿ ಕೋಟಿನವರ ಮುಂದೆ ಹೇಗೆ ಹೇಳುವುದು? ನಾನು ಅವ್ವನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಡಾಕ್ಟರಮ್ಮನ ಮಾತು ಕೇಳಿಸದೆ ಹಾಗೆ ಕೂತಿದ್ದಳೋ, ಕೇಳಿಸಿಯೇ ಕೂತಿದ್ದಳೋ ನನಗೆ ತಿಳಿಯಲಿಲ್ಲ.

ಸೂಜಿ ನಿಲ್ಲಿಸಿ ಬೇರೆ ಗುಳಿಗೆ ಕೊಟ್ಟರು. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಯಬಹುದು ಎಂದರು. ಇದ್ದದ್ದೂ ಉಳಿಯಲಿಲ್ಲ. ಮಳೆ ಸುರುವಾಗುವ ಹೊತ್ತಿಗೆ ಗುಡುಗು ಕೂಡ ಅವಳಿಗೆ ಮಿಂಚಾಗಿ ಮಾತ್ರ ಬಂತು. ಗುಂಯ್ ಒಂದು ಹೋಗಲಿಲ್ಲ. ನಾವು ಪೆಟ್ಟಿಗೆಯಿಂದ ಹೊರಹಾಕಲು ಅಷ್ಟು ಒದ್ದಾಡಿದ ಆ ಸದ್ದು ಇವತ್ತಿಗೂ ಅವಳ ಕಿವಿಯಲ್ಲಿದೆಯಂತೆ, ಹಗಲೂ ರಾತ್ರಿ.

ಕ್ಷಯ ಮಾತ್ರ ವಾಸಿಯಾಯಿತು. ಮರುವರ್ಷ ಡಾಕ್ಟರಮ್ಮ ಇನ್ನು ಎಲ್ಲರ ಜೊತೆ ಇರಬಹುದು ಎಂದರು. ಅತ್ತೆ ಗೀರಿದ ತಾಟನ್ನು ಬೂದಿ ಹಾಕಿ ತಿಕ್ಕಿ ಉಳಿದ ತಾಟುಗಳ ಜೊತೆ ಇಟ್ಟಳು. ಅವ್ವ ಪಡಸಾಲೆಗೆ ಬಂದು, ಕಂಬಕ್ಕೆ ಇನ್ನೂ ಜೋತಾಡುತ್ತಿದ್ದ ಸೀರೆಯ ಅಂಚನ್ನು ತಾನೇ ಬಿಚ್ಚಿ, ಬಾಬುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅವನಿಗೆ ಆಗ ಮಾತು ಬಂದು ಬಾಯಿ ನಿಲ್ಲುತ್ತಿರಲಿಲ್ಲ. ಅವಳ ಗದ್ದ ಹಿಡಿದು ಏನೇನೋ ಹೇಳಿದ. ಅವ್ವ ಅವನ ತುಟಿ ನೋಡಿ, ನನ್ನ ಕಡೆ ನೋಡಿ, "ಏನಂತಾನ?" ಎಂದಳು. ಅವನು ಹೇಳಿದ್ದನ್ನು ನಾನು ಕೈಸನ್ನೆಯಲ್ಲಿ ಹೇಳಲು ಹೋದೆ. ಆಗಲಿಲ್ಲ. ಅವನು ಹೊಸ ಶಬ್ದ ಆಡಿದ ದಿನಗಳನ್ನೆಲ್ಲ ನಾನು ಬರೆದಿಟ್ಟದ್ದು ಅವ್ವ ಹೊರಗೆ ಬಂದ ಮೇಲೆ ಅವಳಿಗೆ ಹೇಳಬೇಕೆಂದೇ.

ಅವ್ವ ಅಡಿಗೆಗೆ ಕೂತಳು. ಅವಳ ರೊಟ್ಟಿ ದಪ್ಪವಾದವು, ಅಂಚು ಹರಿಯತೊಡಗಿದವು. ಬಡಿಯುವ ಸದ್ದಿನಲ್ಲೇ ಅವಳು ರೊಟ್ಟಿಯ ತೆಳುವು ತಿಳಿಯುತ್ತಿದ್ದಳು ಎಂಬುದು ನಮಗೆ ಆಗ ಗೊತ್ತಾಯಿತು. ಅವನ್ನೇ ತಿಂದೆವು. ಮೊದಲ ಸಂಜೆ ಅಪ್ಪ ಅಭ್ಯಾಸಬಲದಿಂದ ಎದ್ದು ಪ್ಲೇಟಿನ ಮೇಲೆ ಮುಳ್ಳು ಇಳಿಸಿದ. ಹಾಡು ಬಂತು, ಸ್ವಚ್ಛವಾಗಿ, ಒಂದು ಎಳೆಯೂ ಗುಂಯ್ ಇಲ್ಲದೆ. ಅವ್ವ ಅವನ ಕೈಯನ್ನೇ ನೋಡುತ್ತಿದ್ದು, ಕೈ ಕೆಳಗಿಳಿದ ಕೂಡಲೇ ಮೊದಲ ತುತ್ತು ಎತ್ತಿದಳು. ಹಾರ್ಮೋನಿಯಂ ಮುಗಿದು ಪದ ಸುರುವಾಗಲು ಇನ್ನೂ ಸಮಯವಿತ್ತು. ನಾವು ಕಾಯುತ್ತ ಕೂತೆವು, ಅವಳು ಉಣ್ಣುತ್ತಿದ್ದಳು. ಅಪ್ಪ ಮುಳ್ಳು ಎತ್ತಿ ಪೆಟ್ಟಿಗೆ ಮುಚ್ಚಿದ. ಆಮೇಲೆ ಅದನ್ನು ತೆರೆಯಲಿಲ್ಲ. ಆದರೂ ಅವ್ವ ಇವತ್ತಿಗೂ ಪಾತ್ರೆ ತಿಕ್ಕಿದ ಮೇಲೆ ಒಂದು ತಂಬಿಗೆ ನೀರನ್ನು ಬಚ್ಚಲ ಪಕ್ಕದ ಆ ಜಾಗಕ್ಕೆ ಹಾಕಿ ಒಳಗೆ ಬರುತ್ತಾಳೆ. ಬೇಡ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಅವಳಿಗೆ ಗೊತ್ತಿತ್ತೇ? ಗುಂಯ್ ತನ್ನ ಕಿವಿಯಲ್ಲೇ ಇದೆ ಎಂದು ಏಪ್ರಿಲಿನಲ್ಲೇ ಗೊತ್ತಿದ್ದು, ಹೇಳಿದರೆ ದೇವದುರ್ಗದಾಕಿಯಂತೆ ತನ್ನ ಸೂಜಿಯೂ ನಿಂತೀತು, ಕಂಬಕ್ಕೆ ಕಟ್ಟಿದ ಮಗ ಕಟ್ಟಿದಂತೆಯೇ ಉಳಿದಾನು ಎಂದು ಸುಮ್ಮನಿದ್ದಳೇ? ಹಾಗಿದ್ದರೆ ಅಪ್ಪನನ್ನು ಪೆಟ್ಟಿಗೆ ಹೊರಿಸಿ ಮಾನ್ವಿಗೆ ಕಳಿಸಿದ್ದೇಕೆ? ಅಥವಾ ಯಂತ್ರದ್ದೇ ಆಗಿರಲಿ ಎಂದು ಅವಳೂ ನಮ್ಮಂತೆ ದಿನಾ ಸಂಜೆ ಆಸೆ ಪಡುತ್ತಿದ್ದಳೇ? ಅವಳನ್ನೇ ಕೇಳಿದ್ದೇನೆ, ಒಂದು ಸಲವಲ್ಲ. ಈಗ ಅವಳು ನಮ್ಮ ತುಟಿ ನೋಡಿ ಎಲ್ಲ ಮಾತೂ ಹಿಡಿಯುತ್ತಾಳೆ. ಈ ಒಂದು ಮಾತು ಮಾತ್ರ ಅವಳಿಗೆ ಸಿಗುವುದಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ಕೊನೆಯವರೆಗೂ ಕೇಳಿ, "ಇನ್ನೊಂದು ರೊಟ್ಟಿ ಹಾಕ್ಲೇನು?" ಎನ್ನುತ್ತಾಳೆ.

ದೇವದುರ್ಗದ ಕಡೆಯ ಆ ತಾಯಿ ಇದ್ದರೆ, ಇಲ್ಲವೇ ಅವರ ಮೂರು ಮಕ್ಕಳಲ್ಲಿ ಯಾರಾದರೂ ಇದನ್ನು ಓದಿದರೆ, ನನಗೆ ಬರೆಯಿರಿ. ಆ ಬೇಸಿಗೆ ರಾಯಚೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಸೂಜಿಗೆ ಕಾಯುತ್ತ ಕೂತ ಯಾರಿಗಾದರೂ, ಕೆಮ್ಮುವಾಗ ಸೆರಗು ಬಾಯಿಗಿಟ್ಟುಕೊಂಡು, ಮನೆಯಲ್ಲಿ ಹಾಡು ಹಾಕುತ್ತಾರೆ ಎಂದು ಹೇಳಿಕೊಳ್ಳುತ್ತಿದ್ದ ನೀಲಮ್ಮ ಎಂಬ ಹೆಂಗಸು ನೆನಪಿದ್ದರೆ, ಅವಳು ತನ್ನ ಕಿವಿಯ ಬಗ್ಗೆ ಒಂದೇ ಒಂದು ಮಾತು ಆಡಿದ್ದರೆ, ಈ ಪುಸ್ತಕ ಅಚ್ಚು ಮಾಡಿದವರ ವಿಳಾಸಕ್ಕೆ ತಿಳಿಸಿ. ಗೊತ್ತಿತ್ತು ಎಂದಾದರೂ ಸರಿ, ಗೊತ್ತಿರಲಿಲ್ಲ ಎಂದಾದರೂ ಸರಿ. ಅಪ್ಪ ಇನ್ನೂ ಇದ್ದಾನೆ. ನಿಮ್ಮ ಕಾಗದವನ್ನು ಅವನಿಗೆ ಓದಿ ಹೇಳಬೇಕು.